ಕಂಪೈಲರ್‌ಗೆ ಫಾಸ್ಟ್-ಮ್ಯಾಥ್ ಫ್ಲ್ಯಾಗ್ ಹಾಕಿದರೆ ವಿಠ್ಠಲವಾಡಿ ಹತ್ತಿರ ನೀರಿನ ಮಟ್ಟ 4 ಸೆಂ.ಮೀ. ಬದಲಾಗುತ್ತಿದೆ. ಯಾವ ಉತ್ತರ ನಂಬಲಿ?

ವಡಗಾಂವ್ ವಿನಾಯಕ

ಎಲ್ಲರಿಗೂ ನಮಸ್ಕಾರ. ನನ್ನ ಊರು ಧಾರವಾಡ, ಕೆಲಸ ಪುಣೆಯಲ್ಲಿ. ಮನೆ ಸಿಂಹಗಡ ರಸ್ತೆಯ ವಡಗಾಂವ್‌ನಲ್ಲಿ. ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಪ್ರವಾಹದ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತೇನೆ. ಖಡಕ್‌ವಾಸ್ಲಾದಿಂದ ಇಷ್ಟು ನೀರು ಬಿಟ್ಟರೆ ಮುಠಾ ನದಿ ಸಂಗಮದವರೆಗೆ ಎಲ್ಲೆಲ್ಲಿ ದಡ ದಾಟುತ್ತದೆ, ಎಷ್ಟು ಆಳ ನಿಲ್ಲುತ್ತದೆ ಅನ್ನೋದು ಅದರ ಉತ್ತರ. 2024ರ ಜುಲೈ 25ರಂದು ನಮ್ಮ ರಸ್ತೆಯ ಏಕತಾನಗರಿಯ ಮನೆಗಳಿಗೆ ನೀರು ನುಗ್ಗಿತ್ತು. ಆಗ ಅಣೆಕಟ್ಟಿನಿಂದ ಬಿಟ್ಟದ್ದು ಸುಮಾರು 35 ಸಾವಿರ ಕ್ಯೂಸೆಕ್. ಆ ನೀರು ಕಣ್ಣಾರೆ ನೋಡಿದ ಮೇಲೆ ಈ ಲೆಕ್ಕದ ಒಂದೊಂದು ಅಂಕಿಯೂ ನನಗೆ ಮುಖ್ಯ.

ವಿಷಯಕ್ಕೆ ಬರ್ತೀನಿ. ಪ್ರೋಗ್ರಾಂ ಸಿ ಪ್ಲಸ್ ಪ್ಲಸ್‌ನಲ್ಲಿದೆ. ನದಿ ಪಾತ್ರ, ದಡ ಎಲ್ಲವನ್ನೂ 5 ಮೀಟರ್ ಚೌಕಗಳಾಗಿ ಹಂಚಿ, ಒಂದು ಚೌಕದಿಂದ ಪಕ್ಕದ ಚೌಕಕ್ಕೆ ಹರಿಯುವ ನೀರನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಎಲ್ಲ ಡಬಲ್‌ನಲ್ಲಿ, ಅಂದ್ರೆ 64 ಬಿಟ್‌ನ ದಶಮಾಂಶ ಸಂಖ್ಯೆಗಳಲ್ಲಿ. ಉಬುಂಟು 22.04, ಅದರ ಜೊತೆಗೇ ಬರುವ ಕಂಪೈಲರ್ (ಕೋಡನ್ನು ಯಂತ್ರದ ಸೂಚನೆಗಳಾಗಿ ಬದಲಿಸುವ ಪ್ರೋಗ್ರಾಂ) ಜಿಸಿಸಿ 11. ಇಷ್ಟು ದಿನ ಓ2 (ವೇಗ ಹೆಚ್ಚಿಸುವ ಸಾಮಾನ್ಯ ಫ್ಲ್ಯಾಗ್, ಅಂದ್ರೆ ಕಂಪೈಲರ್‌ಗೆ ಕೊಡುವ ಆಯ್ಕೆ) ಹಾಕಿ ಕಂಪೈಲ್ ಮಾಡುತ್ತಿದ್ದೆವು. ಒಂದು ಸನ್ನಿವೇಶ ಓಡಿಸಲು ಸುಮಾರು 3 ಗಂಟೆ ಬೇಕು. ಮಳೆಗಾಲದಲ್ಲಿ ಒಂದೇ ರಾತ್ರಿ ಹಲವು ಸನ್ನಿವೇಶ ಓಡಿಸಬೇಕಾಗುತ್ತದೆ. ಅದಕ್ಕೆ ಓಫಾಸ್ಟ್ (ಫಾಸ್ಟ್-ಮ್ಯಾಥ್ ಇದರೊಳಗೇ ಬರುತ್ತದೆ) ಮತ್ತು ಆರ್ಚ್-ನೇಟಿವ್ (ಈ ಯಂತ್ರದ ಪ್ರೊಸೆಸರ್‌ನ ಎಲ್ಲ ಸೂಚನೆಗಳನ್ನೂ ಬಳಸು ಅನ್ನೋ ಫ್ಲ್ಯಾಗ್) ಎರಡನ್ನೂ ಹಾಕಿ ನೋಡಿದೆ. 2 ಗಂಟೆಯೊಳಗೆ ಮುಗಿಯಿತು.

ಆದರೆ ಉತ್ತರ ಬದಲಾಯಿತು. ಬಹುತೇಕ ಚೌಕಗಳಲ್ಲಿ ವ್ಯತ್ಯಾಸ ಹತ್ತನೇ ಅಂಕಿಯ ಆಚೆ, ಅದರ ಚಿಂತೆ ಇಲ್ಲ. ವಿಠ್ಠಲವಾಡಿ ಹತ್ತಿರ ಒಂದು ತಗ್ಗಿನಲ್ಲಿ ಮಾತ್ರ 4 ಸೆಂ.ಮೀ. ಹೆಚ್ಚು ಕಡಿಮೆ. ನೀರಿನ ಅಂಚಿನ ಕೆಲವು ಚೌಕಗಳು ಒಂದರಲ್ಲಿ ಒದ್ದೆ, ಇನ್ನೊಂದರಲ್ಲಿ ಒಣ. ಒಟ್ಟು ನೀರಿನ ಪ್ರಮಾಣ ಎರಡರಲ್ಲೂ ಸರಿಯಾಗಿದೆ.

ಬೇರೆ ಸನ್ನಿವೇಶವೊಂದರಲ್ಲಿ ಇನ್ನೊಂದು ಸಮಸ್ಯೆ. ಒಂದು ಮಳೆಮಾಪಕದ ದಾಖಲೆಯಲ್ಲಿ ನಡುವೆ ಕೆಲವು ಗಂಟೆಗಳ ಅಂಕಿ ಇಲ್ಲ. ಅಲ್ಲಿ ನ್ಯಾನ್ ('ಇದು ಸಂಖ್ಯೆಯಲ್ಲ' ಅನ್ನೋ ಗುರುತು) ಇಟ್ಟಿದ್ದೇವೆ. ಓದುವಾಗ ಈಸ್‌ನ್ಯಾನ್ ಅಂತ ಕೇಳಿ, ಹೌದಾದರೆ ಪಕ್ಕದ ಮಾಪಕದ ಅಂಕಿ ತಗೋತೀವಿ. ಓ2ನಲ್ಲಿ ಇದು ಸರಿಯಾಗಿ ನಡೆಯುತ್ತದೆ. ಓಫಾಸ್ಟ್‌ನಲ್ಲಿ ಇಡೀ ನಕ್ಷೆಯೇ ನ್ಯಾನ್.

ನಮ್ಮ ಮ್ಯಾನೇಜರ್ ಹೇಳೋದು: "ಸರ್ವೆಯಲ್ಲೇ 10 ಸೆಂ.ಮೀ. ತಪ್ಪಿರುತ್ತದೆ, 4ಕ್ಕೆ ಯಾಕೆ ತಲೆ ಕೆಡಿಸ್ಕೋತೀರಿ?" ತಂಡದ ಹಿರಿಯರೊಬ್ಬರು ಹೇಳೋದು: "ಆ ಫ್ಲ್ಯಾಗ್ ಮುಟ್ಟಲೇಬೇಡ." ಎರಡೂ ನನಗೆ ಒಪ್ಪಿಗೆಯಾಗುತ್ತಿಲ್ಲ. ಓ2 ಕೊಟ್ಟದ್ದೇ ಸರಿ ಉತ್ತರ ಅಂತ ಹೇಳೋಕೆ ಆಧಾರ ಏನು? ಈಸ್‌ನ್ಯಾನ್ ಎಲ್ಲಿ ಹೋಯಿತು? ಉತ್ತರ ಕೆಡದ ಹಾಗೆ ವೇಗ ಸಿಗೋ ದಾರಿ ಇದೆಯಾ?

ಪಾಷಾಣ್ ರಾಯರು

ವಿನಾಯಕ ಅವರೇ, ಒಳ್ಳೆಯ ಪ್ರಶ್ನೆ. ನಾನು ನಿವೃತ್ತ. ಹವಾಮಾನದ ಮಾದರಿಗಳ ಫೋರ್ಟ್ರಾನ್ ಕೋಡ್ ಜೊತೆಗೇ ನನ್ನ ಕೆಲಸದ ವರ್ಷಗಳೆಲ್ಲ ಕಳೆದವು.

ಮೊದಲು ಈಸ್‌ನ್ಯಾನ್ ಬಗ್ಗೆ, ಯಾಕಂದ್ರೆ ಅದೇ ಹೆಚ್ಚು ಅಪಾಯದ್ದು. ಓಫಾಸ್ಟ್ ಅಂದ್ರೆ ಓ3 ಜೊತೆಗೆ ಫಾಸ್ಟ್-ಮ್ಯಾಥ್. ಫಾಸ್ಟ್-ಮ್ಯಾಥ್ ಒಳಗೆ ಫೈನೈಟ್-ಮ್ಯಾಥ್-ಓನ್ಲಿ ಅಂತ ಒಂದಿದೆ. ಈ ಪ್ರೋಗ್ರಾಂನಲ್ಲಿ ನ್ಯಾನ್ ಆಗಲಿ ಅನಂತ ಆಗಲಿ ಬರೋದೇ ಇಲ್ಲ ಅಂತ ನೀವು ಕಂಪೈಲರ್‌ಗೆ ಮಾತು ಕೊಟ್ಟ ಹಾಗೆ. ಬರೋದೇ ಇಲ್ಲ ಅಂದ ಮೇಲೆ ಈಸ್‌ನ್ಯಾನ್‌ನ ಉತ್ತರ ಯಾವಾಗಲೂ 'ಇಲ್ಲ'. ಹಾಗಾಗಿ ಆ ಪರೀಕ್ಷೆಯನ್ನೇ ಅದು ಕಿತ್ತು ಹಾಕುತ್ತದೆ.

ಇಡೀ ನಕ್ಷೆ ನ್ಯಾನ್ ಆಗಿದ್ದರಿಂದ ನಿಮ್ಮ ಕಣ್ಣಿಗೆ ಬಿತ್ತು. ಅದು ಒಳ್ಳೆಯದಾಯಿತು. ಎರಡರಲ್ಲಿ ದೊಡ್ಡದನ್ನು ಕೊಡುವ ಮ್ಯಾಕ್ಸ್ ಫಂಕ್ಷನ್‌ಗೆ ಸೊನ್ನೆ ಮತ್ತು ನ್ಯಾನ್ ಕೊಟ್ಟರೆ, ಯಾವುದು ಮೊದಲು ಬರೆದಿದೆ ಅನ್ನೋದರ ಮೇಲೆ ಉತ್ತರ ಸೊನ್ನೆಯೂ ಆಗಬಹುದು, ನ್ಯಾನೂ ಆಗಬಹುದು. ಫಾಸ್ಟ್-ಮ್ಯಾಥ್‌ನಲ್ಲಿ ಆ ಕ್ರಮಕ್ಕೂ ಭರವಸೆ ಇಲ್ಲ. ನ್ಯಾನ್ ಸದ್ದಿಲ್ಲದೆ ಸೊನ್ನೆಯಾಗಿದ್ದರೆ? ಘಾಟ್‌ನಲ್ಲಿ ಮಳೆ ಸುರಿಯುತ್ತಿದ್ದ ಗಂಟೆಗಳಲ್ಲಿ ಮಳೆಯೇ ಇಲ್ಲ ಅಂತ ಲೆಕ್ಕ ಆಗುತ್ತಿತ್ತು. ನಕ್ಷೆ ನೋಡೋಕೆ ಚೆನ್ನಾಗಿಯೇ ಇರುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈಗ 4 ಸೆಂ.ಮೀ. ವಿಷಯ. ಓ2 ಉತ್ತರ ಸತ್ಯ, ಓಫಾಸ್ಟ್ ಉತ್ತರ ಸುಳ್ಳು ಅಂತ ಅಂದ್ಕೋಬೇಡಿ. ಡಬಲ್‌ನಲ್ಲಿ 53 ಬಿಟ್ ನಿಖರತೆ ಇದೆ, ದಶಮಾಂಶದಲ್ಲಿ ಸುಮಾರು 16 ಅಂಕಿ. ಪ್ರತಿ ಕೂಡಿಕೆ, ಗುಣಾಕಾರದಲ್ಲೂ ಕೊನೆಯ ಅಂಕಿ ದುಂಡಾಗುತ್ತದೆ. ಓ2 ನೀವು ಬರೆದ ಕ್ರಮದಲ್ಲಿ ದುಂಡು ಮಾಡುತ್ತದೆ, ಓಫಾಸ್ಟ್ ಬೇರೆ ಕ್ರಮದಲ್ಲಿ. ನೀವು ಬರೆದ ಕ್ರಮವೇ ಪ್ರಕೃತಿಗೆ ಹತ್ತಿರ ಅನ್ನೋಕೆ ಕಾರಣ ಇಲ್ಲ. ನಮ್ಮ ಕ್ಷೇತ್ರದಲ್ಲಿ ಈ ಪಾಠ 1961ರದ್ದು. ಎಡ್ವರ್ಡ್ ಲೊರೆಂಜ್ 0.506127 ಅನ್ನೋದರ ಬದಲು 0.506 ಅಂತ ಕೊಟ್ಟು ಅದೇ ಲೆಕ್ಕವನ್ನು ಮತ್ತೆ ಓಡಿಸಿದರು. ಸ್ವಲ್ಪ ಹೊತ್ತಿನ ನಂತರ ಹವಾಮಾನವೇ ಬೇರೆ ಆಗಿತ್ತು.

ಹಾಗಾಗಿ ಒಂದು ಪರೀಕ್ಷೆ ಮಾಡಿ. ಕಂಪೈಲರ್ ಮುಟ್ಟಬೇಡಿ, ಓ2 ಇರಲಿ. ಒಳಹರಿವನ್ನು ಮಾತ್ರ ಹನ್ನೆರಡನೇ ಅಂಕಿಯಲ್ಲಿ ಒಂಚೂರು ಅಲುಗಾಡಿಸಿ ಓಡಿಸಿ. ಹೀಗೆ ಹತ್ತಾರು ಸಲ. ಆ ತಗ್ಗಿನ ಮಟ್ಟ ಸ್ಥಿರವಾಗಿ ನಿಂತರೆ ಓಫಾಸ್ಟ್ ಏನನ್ನೋ ಕೆಡಿಸುತ್ತಿದೆ ಅಂತ ಅರ್ಥ. ಅದೂ 4 ಸೆಂ.ಮೀ. ಓಡಾಡಿದರೆ ಆ ಜಾಗದ ಸ್ವಭಾವವೇ ಹಾಗೆ, ಕಂಪೈಲರ್ ಅದನ್ನು ತೋರಿಸಿಕೊಟ್ಟಿದೆ ಅಷ್ಟೆ.

ನಿಮ್ಮ ಹಿರಿಯರಿಗೆ ಇನ್ನೊಂದು ಮಾತು. ವೇಗವನ್ನು ಮತ್ತೆ ನಿಖರತೆಗೇ ಖರ್ಚು ಮಾಡಬಹುದು. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ 2021ರ ಮೇ ತಿಂಗಳಲ್ಲಿ ತನ್ನ ಮುನ್ಸೂಚನೆಗಳನ್ನು ಡಬಲ್‌ನಿಂದ ಸಿಂಗಲ್‌ಗೆ (ಅರ್ಧದಷ್ಟು ಬಿಟ್‌ಗಳ ಸಂಖ್ಯೆಗೆ) ಇಳಿಸಿತು. ಉಳಿದ ಸಮಯದಲ್ಲಿ ಸಮೂಹ ಮುನ್ಸೂಚನೆಯ (ಒಂಚೂರು ಬೇರೆ ಬೇರೆ ಆರಂಭದಿಂದ ಹಲವು ಸಲ ಓಡಿಸುವ ಮುನ್ಸೂಚನೆ) ವಾತಾವರಣದ ಪದರಗಳನ್ನು 91ರಿಂದ 137ಕ್ಕೆ ಏರಿಸಿತು. ಅಂಕಿಗಳು ಕಡಿಮೆಯಾದವು, ಮುನ್ಸೂಚನೆ ಉತ್ತಮವಾಯಿತು.

ನೀವು ಮಾತ್ರ ಕಣ್ಣು ಮುಚ್ಚಿ ಸಿಂಗಲ್‌ಗೆ ಹೋಗಬೇಡಿ. ಪುಣೆಯ ಯುಟಿಎಂ (ಜಾಗವನ್ನು ಮೀಟರ್‌ನಲ್ಲಿ ಗುರುತಿಸುವ ನಕ್ಷೆ ಪದ್ಧತಿ) ಉತ್ತರ ನಿರ್ದೇಶಾಂಕ ಸುಮಾರು 20 ಲಕ್ಷದ 48 ಸಾವಿರ ಮೀಟರ್. ಆ ಗಾತ್ರದಲ್ಲಿ ಸಿಂಗಲ್‌ನ ಎರಡು ಅಕ್ಕಪಕ್ಕದ ಸಂಖ್ಯೆಗಳ ಅಂತರ 12.5 ಸೆಂ.ಮೀ. ಆದರೆ 560 ಮೀಟರ್ ಎತ್ತರದ ನೆಲಮಟ್ಟವನ್ನು ಸಿಂಗಲ್‌ನಲ್ಲಿ ಇಟ್ಟರೆ ಅಂತರ 0.06 ಮಿ.ಮೀ. ಮಾತ್ರ. ಒಂದೇ ಪ್ರೋಗ್ರಾಂನಲ್ಲಿ ಒಂದಕ್ಕೆ ಸಾಕು, ಇನ್ನೊಂದಕ್ಕೆ ಸಾಲದು.

ಪರ್ವರಿ ಪ್ರತಿಮಾ

ರಾಯರು ಹೇಳಿದ ಪರೀಕ್ಷೆ ಖಂಡಿತ ಮಾಡಿ. ನಾನು ಗೋವಾದ ಪರ್ವರಿಯಲ್ಲಿ ಕೂತು ಕಂಪೈಲರ್ ಕೆಲಸ ಮಾಡುತ್ತೇನೆ. ಆ ಕಡೆಯಿಂದ ಸ್ವಲ್ಪ ಸೇರಿಸ್ತೀನಿ. ಫ್ಲ್ಯಾಗ್‌ಗಳ ಮುಂದಿನ ಡ್ಯಾಶ್-ಎಫ್ ಬಿಟ್ಟು ಬರೀ ಹೆಸರು ಬರೆದಿದ್ದೇನೆ.

ನೀವು ಎರಡು ಬದಲಾವಣೆ ಒಟ್ಟಿಗೆ ಮಾಡಿದ್ದೀರಿ. ಬೇರೆ ಬೇರೆ ಮಾಡಿ ನೋಡಲೇಬೇಕು. ಆರ್ಚ್-ನೇಟಿವ್ ಒಂದನ್ನೇ ಹಾಕಿದರೂ ಉತ್ತರ ಬದಲಾಗಬಹುದು, ಫಾಸ್ಟ್-ಮ್ಯಾಥ್ ಇಲ್ಲದೆಯೇ. ಹೊಸ ಪ್ರೊಸೆಸರ್‌ಗಳಲ್ಲಿ ಎಫ್‌ಎಂಎ ಅನ್ನೋ ಸೂಚನೆ ಇದೆ. ಗುಣಾಕಾರ, ಕೂಡಿಕೆ ಎರಡನ್ನೂ ಸೇರಿಸಿ ಮಾಡಿ ಕೊನೆಯಲ್ಲಿ ಒಂದೇ ಸಲ ದುಂಡು ಮಾಡುತ್ತದೆ. ಜಿಸಿಸಿ ತಾನಾಗಿಯೇ ಇದನ್ನು ಬಳಸುತ್ತದೆ, ಬೇಡ ಅಂದ್ರೆ ಎಫ್‌ಪಿ-ಕಾಂಟ್ರಾಕ್ಟ್ ಆಫ್ ಮಾಡಬೇಕು. ಸಾಮಾನ್ಯವಾಗಿ ಎಫ್‌ಎಂಎ ಉತ್ತರವೇ ಹೆಚ್ಚು ನಿಖರ. ಆದರೆ ನಿಮ್ಮ ತರಹದ ಕೋಡ್‌ನಲ್ಲಿ ಒಂದು ಕಡೆ ಅದು ಕೈ ಕೊಡುತ್ತದೆ.

ಪಕ್ಕಪಕ್ಕದ ಚೌಕಗಳ ನಡುವಿನ ಒತ್ತಡಕ್ಕೆ ಎಡದ ಆಳದ ವರ್ಗದಿಂದ ಬಲದ ಆಳದ ವರ್ಗ ಕಳೆಯುತ್ತೀರಿ ಅಲ್ವಾ? ನೀರು ನಿಂತಿದ್ದರೆ, ತಳವೂ ಮಟ್ಟವಾಗಿದ್ದರೆ ಎರಡು ಆಳವೂ ಒಂದೇ. ಉತ್ತರ ಕರಾರುವಾಕ್ಕಾಗಿ ಸೊನ್ನೆ ಬರಬೇಕು. ಎಫ್‌ಎಂಎ ಮಾಡಿದಾಗ ಒಂದು ವರ್ಗ ದುಂಡಾಗಿರುತ್ತದೆ, ಇನ್ನೊಂದು ಆಗಿರುವುದಿಲ್ಲ. ಕಳೆದರೆ ಆ ದುಂಡಿಸಿದ ಚೂರು ಉಳಿಯುತ್ತದೆ. ನಿಂತ ನೀರು ತಾನಾಗಿ ಅಲುಗಲು ಶುರು. ಉಪಾಯ ಸುಲಭ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಗುಣಿಸಿ. ಆಳ ಸಮ ಇದ್ದರೆ ವ್ಯತ್ಯಾಸ ಸೊನ್ನೆ, ಗುಣಲಬ್ಧ ಸೊನ್ನೆ. ಯಾವ ಫ್ಲ್ಯಾಗ್‌ಗೂ ಹೆದರಬೇಕಿಲ್ಲ. ಆಳಗಳು ಹತ್ತಿರ ಹತ್ತಿರ ಇದ್ದಾಗ ಇದೇ ಹೆಚ್ಚು ನಿಖರ ಕೂಡ.

ಈಗ ವೇಗ ಎಲ್ಲಿಂದ ಬರುತ್ತದೆ ನೋಡೋಣ. ಒಂದು ಪಟ್ಟಿಯ ಎಲ್ಲ ಸಂಖ್ಯೆ ಕೂಡುವ ಲೂಪ್ ತಗೊಳ್ಳಿ. ಇಂಟೆಲ್ ಸ್ಕೈಲೇಕ್ ಪ್ರೊಸೆಸರ್‌ನಲ್ಲಿ ಒಂದು ಕೂಡಿಕೆ ಮುಗಿಯಲು 4 ಸೈಕಲ್ (ಪ್ರೊಸೆಸರ್ ಗಡಿಯಾರದ ಮಿಡಿತ) ಬೇಕು. ಮುಂದಿನ ಕೂಡಿಕೆ ಹಿಂದಿನದು ಮುಗಿಯುವವರೆಗೆ ಕಾಯಬೇಕು. ಪ್ರೊಸೆಸರ್‌ಗೆ ಒಂದೇ ಸಲಕ್ಕೆ ನಾಲ್ಕು ಡಬಲ್ ಕೂಡುವ ಶಕ್ತಿ ಇದೆ, ಆದರೂ ಸುಮ್ನೆ ಕೂತಿರುತ್ತದೆ. ನಾಲ್ಕು ಬೇರೆ ಬೇರೆ ಮೊತ್ತ ಇಟ್ಟುಕೊಂಡು ಕೊನೆಗೆ ಸೇರಿಸಿದರೆ ವೇಗ ಎಷ್ಟೋ ಪಟ್ಟು. ಆದರೆ ಕೂಡುವ ಕ್ರಮ ಬದಲಾಗುತ್ತದೆ. ಗಣಿತದಲ್ಲಿ ಪರವಾಗಿಲ್ಲ, ಇಲ್ಲಿ ಉತ್ತರ ಬದಲಾಗುತ್ತದೆ. ಡಬಲ್‌ನಲ್ಲಿ 1ರ ಮುಂದೆ 16 ಸೊನ್ನೆಯ ಸಂಖ್ಯೆಗೆ 1 ಕೂಡಿ, ಅದೇ ದೊಡ್ಡ ಸಂಖ್ಯೆ ಕಳೆದರೆ ಬರುವುದು 0. ಮೊದಲು ಕಳೆದು ಆಮೇಲೆ ಕೂಡಿದರೆ 1. ಅದಕ್ಕೇ ಕಂಪೈಲರ್ ನಿಮ್ಮ ಅನುಮತಿ ಇಲ್ಲದೆ ಕ್ರಮ ಮುಟ್ಟುವುದಿಲ್ಲ.

ಜನ ಗಮನಿಸದ ಒಂದು ವಿಷಯ ಹೇಳ್ತೀನಿ. ಉದ್ದದ ಮೊತ್ತಗಳಲ್ಲಿ ನಾಲ್ಕು ಭಾಗ ಮಾಡಿ ಕೂಡಿದ್ದೇ ಬಹುಪಾಲು ಹೆಚ್ಚು ನಿಖರ. ಒಂದೇ ಸಾಲಿನಲ್ಲಿ ಕೂಡಿದರೆ ತಪ್ಪಿನ ಮೇಲ್ಮಿತಿ ಸಂಖ್ಯೆಗಳ ಎಣಿಕೆಯಷ್ಟೇ ಬೆಳೆಯುತ್ತದೆ. ಭಾಗ ಮಾಡಿದರೆ ಪ್ರತಿ ಸರಪಳಿಯೂ ಚಿಕ್ಕದು. ಅಂದರೆ ಫಾಸ್ಟ್-ಮ್ಯಾಥ್ ಅಂದ ತಕ್ಷಣ ನಿಖರತೆ ಹೋಯಿತು ಅಂತಲ್ಲ. ಹೋಗೋದು ಭರವಸೆ.

ಭರವಸೆಯ ಮೇಲೇ ನಿಂತ ಕೋಡ್ ಇದ್ದರೆ ಮಾತ್ರ ಹಾಳು. ವಿಲಿಯಂ ಕಹಾನ್ ಅವರ 1965ರ ಮೊತ್ತದ ವಿಧಾನ ನೋಡಿ. ಪ್ರತಿ ಕೂಡಿಕೆಯಲ್ಲಿ ಕಳೆದುಹೋದ ಚೂರನ್ನು ಲೆಕ್ಕ ಹಾಕಿ ಮುಂದಿನ ಸಲ ಸೇರಿಸುತ್ತದೆ. ಫಾಸ್ಟ್-ಮ್ಯಾಥ್ ಅದನ್ನು ಬೀಜಗಣಿತದ ಕಣ್ಣಿನಿಂದ ನೋಡಿ 'ಈ ಚೂರು ಸೊನ್ನೆ' ಅಂತ ಅಳಿಸಿಬಿಡುತ್ತದೆ. ಭಾಗಾಕಾರದ್ದೂ ಹಾಗೆಯೇ. 49ರಿಂದ ಭಾಗಿಸುವ ಬದಲು 1/49ರಿಂದ ಗುಣಿಸಲು ಅದಕ್ಕೆ ಸ್ವಾತಂತ್ರ್ಯ ಸಿಗುತ್ತದೆ. ಡಬಲ್‌ನಲ್ಲಿ 49 × (1/49) ಎಂದರೆ 1 ಅಲ್ಲ, 0.9999999999999999. ಅದರ ಪೂರ್ಣಾಂಕ ತಗೊಂಡು ಚೌಕದ ಸಂಖ್ಯೆ ಹುಡುಕಿದರೆ ಪಕ್ಕದ ಚೌಕಕ್ಕೆ ಹೋಗ್ತೀರಿ.

ನನ್ನ ಸಲಹೆ: ಓಫಾಸ್ಟ್ ಬಿಡಿ, ಓ3 ಹಾಕಿ. ಜೊತೆಗೆ ನೋ-ಮ್ಯಾಥ್-ಎರ್ನೋ ಮತ್ತು ನೋ-ಟ್ರ್ಯಾಪಿಂಗ್-ಮ್ಯಾಥ್. ಮೊದಲನೆಯದರಿಂದ ವರ್ಗಮೂಲ ಲೈಬ್ರರಿಗೆ ಹೋಗದೆ ಒಂದೇ ಸೂಚನೆಯಲ್ಲಿ ಮುಗಿಯುತ್ತದೆ. ಎರಡನೆಯದರಿಂದ ಇಫ್ ಇರುವ ಲೂಪ್‌ಗಳನ್ನು ಸಿಮ್ಡ್‌ಗೆ (ಒಂದೇ ಸೂಚನೆಯಲ್ಲಿ ಹಲವು ಸಂಖ್ಯೆಗಳ ಲೆಕ್ಕ) ಬದಲಾಯಿಸುವುದು ಸುಲಭ. ಇವೆರಡೂ ನಿಮ್ಮ ಅಂಕಿಗಳ ಕ್ರಮ ಮುಟ್ಟುವುದಿಲ್ಲ. ಮೊತ್ತದ ಲೂಪ್‌ಗಳಿಗೆ ಮಾತ್ರ ಮೇಲೆ ಓಪನ್‌ಎಂಪಿ ಸಿಮ್ಡ್ ರಿಡಕ್ಷನ್ ಪ್ರಾಗ್ಮಾ (ಕೋಡ್‌ನಲ್ಲೇ ಕಂಪೈಲರ್‌ಗೆ ಬರೆಯುವ ಸೂಚನೆ) ಬರೆದು ಓಪನ್‌ಎಂಪಿ-ಸಿಮ್ಡ್ ಫ್ಲ್ಯಾಗ್ ಕೊಡಿ. ಆ ಲೂಪ್‌ಗಷ್ಟೇ ಅನುಮತಿ ಕೊಟ್ಟ ಹಾಗೆ. ಓದುವವರಿಗೂ ಅದು ಕೋಡ್‌ನಲ್ಲೇ ಕಾಣುತ್ತದೆ.

ಗೋರೆಗಾಂವ್ ಗಿರೀಶ

ನಾನು ಮುಂಬೈನಲ್ಲಿ ಹಣಕಾಸು ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಿನ್ನೆ ಬಂದ ಅಂಕಿ ಇವತ್ತೂ ಹಾಗೇ ಬರಬೇಕು, ಕೊನೆಯ ಬಿಟ್‌ವರೆಗೂ. ಇಲ್ಲದಿದ್ದರೆ ಕೋಡ್‌ನಲ್ಲಿ ನಿಜವಾದ ತಪ್ಪು ಬಂದಾಗ ಅದು ದುಂಡಿಸಿದ್ದರ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ವ್ಯಾಂಕೂವರ್ ಷೇರುಪೇಟೆಯ ಸೂಚ್ಯಂಕ 1982ರಲ್ಲಿ 1000ದಿಂದ ಶುರುವಾಯಿತು. ಪ್ರತಿ ಸಲ ಮೂರನೇ ದಶಮಾಂಶದ ಆಚೆ ಕತ್ತರಿಸುತ್ತಾ ಹೋದರು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 520ರ ಆಸುಪಾಸು ತೋರಿಸುತ್ತಿತ್ತು, ನಿಜವಾಗಿ ಇರಬೇಕಿದ್ದದ್ದು 1098. ಚೂರು ಚೂರೇ ಸೇರಿ ಅರ್ಧಕ್ಕರ್ಧ ಹೋಯಿತು.

ವಿನಾಯಕ, ಫ್ಲ್ಯಾಗ್ ಸರಿಯಿದ್ದರೆ ಸಾಲದು ಅನ್ನೋದೂ ನೆನಪಿರಲಿ. ಡಬಲ್‌ನಂಥ ಸಂಖ್ಯೆಗಳ ಲೆಕ್ಕಕ್ಕಿರುವ ಐಇಇಇ 754 ಮಾನದಂಡ ಕೂಡಿಕೆ, ಕಳೆಯುವಿಕೆ, ಗುಣಾಕಾರ, ಭಾಗಾಕಾರ, ವರ್ಗಮೂಲ, ಎಫ್‌ಎಂಎಯಂಥ ಮೂಲ ಕ್ರಿಯೆಗಳಿಗೆ ಸರಿಯಾದ ದುಂಡಿಸುವಿಕೆಯನ್ನು ಕಡ್ಡಾಯ ಮಾಡಿದೆ. ಸೈನ್, ಎಕ್ಸ್‌ಪೊನೆನ್ಶಿಯಲ್, ಪವರ್‌ಗೆ ಕಡ್ಡಾಯ ಇಲ್ಲ. ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ ಓಡುವಾಗಲೇ ಪ್ರೊಸೆಸರ್ ನೋಡಿ, ಎಫ್‌ಎಂಎ ಇದ್ದರೆ ಬೇರೆ ರೂಪವನ್ನು ಆರಿಸಿಕೊಳ್ಳುತ್ತದೆ. ಒಂದೇ ಬೈನರಿ (ಕಂಪೈಲ್ ಆದ ಪ್ರೋಗ್ರಾಂ) ಎರಡು ಯಂತ್ರಗಳಲ್ಲಿ ಕೊನೆಯ ಅಂಕಿ ಬೇರೆ ಕೊಡಬಹುದು. ಹರಿಯುವ ನೀರಿನ ವೇಗದ ಮ್ಯಾನಿಂಗ್ ಸೂತ್ರದಲ್ಲಿ ಪವರ್ ಫಂಕ್ಷನ್ ಬಳಸುತ್ತಿದ್ದೀರಿ ಅಂದ್ಕೋತೀನಿ.

ಪರ್ವರಿ ಪ್ರತಿಮಾ

ಗಿರೀಶ್ ಅವರೇ, ವ್ಯಾಂಕೂವರ್‌ನದು ಬೇರೆ ರೋಗ. ಅಲ್ಲಿ ಪ್ರತಿ ಸಲ ಕೆಳಕ್ಕೇ ಕತ್ತರಿಸಿದರು, ತಪ್ಪು ಒಂದೇ ದಿಕ್ಕಿಗೆ ಬೆಳೆಯಿತು. ಐಇಇಇಯ ಹತ್ತಿರದ ಸಂಖ್ಯೆಗೆ ದುಂಡಿಸುವಿಕೆಯಲ್ಲಿ ತಪ್ಪು ಎರಡೂ ಕಡೆ ಬೀಳುತ್ತದೆ. ಕೊನೆಯ ಬಿಟ್‌ವರೆಗೆ ಒಂದೇ ಉತ್ತರ ಬೇಕು ಅನ್ನೋದು ನ್ಯಾಯವಾದ ಬೇಡಿಕೆ, ಒಪ್ತೀನಿ. ಆದರೆ ಅದು ನಿಖರತೆ ಅಲ್ಲ. ತಪ್ಪು ಉತ್ತರವನ್ನೂ ದಿನಾ ಒಂದೇ ತರಹ ಕೊಡಬಹುದು. ವಿನಾಯಕರಿಗೆ ಎರಡೂ ಬೇಕು, ಬೇರೆ ಬೇರೆ ಪರೀಕ್ಷೆಗಳಿಂದ.

ವಡಗಾಂವ್ ವಿನಾಯಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲ ಮಾಡಿ ನೋಡಿದೆ.

ಪ್ರತಿಮಾ ಮೇಡಂ ಊಹಿಸಿದ್ದು ಸರಿ. ಓ2 ಜೊತೆ ಆರ್ಚ್-ನೇಟಿವ್ ಒಂದನ್ನೇ ಹಾಕಿದೆ. ನಿಂತ ನೀರಿನ ಪರೀಕ್ಷೆಯಲ್ಲಿ ನೀರಿನ ವೇಗ ಇಷ್ಟು ದಿನ ಎಲ್ಲ ಕಡೆ ಸೊನ್ನೆ ಇತ್ತು. ಈಗ ಸಣ್ಣ ಸಣ್ಣ ಅಂಕಿಗಳು ಕಂಡವು. ವರ್ಗಗಳ ವ್ಯತ್ಯಾಸದ ಸಾಲನ್ನು ಅವರು ಹೇಳಿದ ಹಾಗೆ ಬರೆದೆ, ಮತ್ತೆ ಸೊನ್ನೆ. ಎಫ್‌ಎಂಎ ಹಾಗೇ ಉಳಿಸಿಕೊಂಡಿದ್ದೇನೆ.

ರಾಯರ ಪರೀಕ್ಷೆಯಿಂದ ಗೊತ್ತಾಗಿದ್ದು ನನಗೆ ಎಲ್ಲಕ್ಕಿಂತ ಮುಖ್ಯ. ಹಳೇ ಓ2 ಬೈನರಿಯಲ್ಲೇ ಒಳಹರಿವನ್ನು ಹನ್ನೆರಡನೇ ಅಂಕಿಯಲ್ಲಿ ಅಲುಗಾಡಿಸಿದರೂ ಆ ತಗ್ಗಿನ ಮಟ್ಟ ಅಷ್ಟೇ ಓಡಾಡುತ್ತದೆ. ನಕ್ಷೆ ದೊಡ್ಡದು ಮಾಡಿ ನೋಡಿದೆ. ತಗ್ಗಿನ ಮುಂದೆ ನದಿ ಕಡೆಗೆ ಒಂದು ತಡೆಗೋಡೆ ಇದೆ. ಆ ಸನ್ನಿವೇಶದಲ್ಲಿ ನೀರು ಸರಿಯಾಗಿ ಗೋಡೆಯ ತಲೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಳ 1 ಮಿ.ಮೀ.ಗಿಂತ ಕಡಿಮೆ ಇದ್ದರೆ ನಮ್ಮ ಪ್ರೋಗ್ರಾಂ ಆ ಚೌಕವನ್ನು ಒಣ ಅಂತ ತಗೋತದೆ. ಕೊನೆಯ ಅಂಕಿ ಆ ಕಡೆ ವಾಲಿದರೆ ಗೋಡೆ ಒಣ, ಈ ಕಡೆ ವಾಲಿದರೆ ನೀರು ದಾಟಿ ತಗ್ಗಿಗೆ ಇಳಿಯುತ್ತದೆ. ಮ್ಯಾನೇಜರ್‌ಗೆ ಇದನ್ನೇ ತೋರಿಸಿದೆ. 4 ಸೆಂ.ಮೀ. ಸರ್ವೆ ತಪ್ಪಿಗಿಂತ ಕಡಿಮೆ ಅನ್ನೋದು ನಿಜ. ಆದರೆ ಸರ್ವೆ ತಪ್ಪು ಆ ಗೋಡೆಯ ಎತ್ತರದಲ್ಲೇ ಇದ್ದರೆ ಹಿಂದಿನ ಮನೆಗಳಿಗೆ ನೀರು ಬರುತ್ತದೋ ಇಲ್ಲವೋ ಅನ್ನೋದೇ ಬದಲಾಗುತ್ತದೆ. ಗೋಡೆಯ ತಲೆಯನ್ನು ಮತ್ತೆ ಅಳತೆ ಮಾಡಿಸಲು ಅವರು ಒಪ್ಪಿದ್ದಾರೆ. ಅಲ್ಲಿಯವರೆಗೆ ವರದಿಯಲ್ಲಿ ಆ ಜಾಗಕ್ಕೆ ಒಂದೇ ಅಂಕಿ ಬರೆಯುವುದಿಲ್ಲ, ಕೆಳಗಿನ ಮತ್ತು ಮೇಲಿನ ಮಟ್ಟ ಎರಡೂ ಬರೆಯುತ್ತೇವೆ.

ವೇಗದ ವಿಷಯ. ಮೇಡಂ ಹೇಳಿದ ಫ್ಲ್ಯಾಗ್‌ಗಳು, ಆರ್ಚ್-ನೇಟಿವ್, ಮೊತ್ತದ ಲೂಪ್‌ಗಳಿಗೆ ಪ್ರಾಗ್ಮಾ. ಓಫಾಸ್ಟ್‌ನಷ್ಟು ಅಲ್ಲದಿದ್ದರೂ ಹತ್ತಿರ ಬಂದಿದೆ. 2 ಗಂಟೆಗಿಂತ ಸ್ವಲ್ಪ ಜಾಸ್ತಿ. ಈಸ್‌ನ್ಯಾನ್ ಮತ್ತೆ ಕೆಲಸ ಮಾಡುತ್ತಿದೆ. ಗಿರೀಶ್ ಹೇಳಿದ್ದಕ್ಕೆ, ಪ್ರತಿ ರಾತ್ರಿ ಒಂದು ಚಿಕ್ಕ ಸನ್ನಿವೇಶವನ್ನು ಅದೇ ಯಂತ್ರ, ಅದೇ ಕಂಪೈಲರ್‌ನಲ್ಲಿ ಓಡಿಸಿ ಬಿಟ್ ಬಿಟ್ ಹೋಲಿಸುತ್ತೇವೆ. ಉಳಿದ ಸಮಯದಲ್ಲಿ 5 ಮೀಟರ್ ಚೌಕವನ್ನು ಇಡೀ ನಕ್ಷೆಗೆ ಅರ್ಧ ಮಾಡೋಕಾಗಲ್ಲ, ಕೆಲಸ ಎಂಟು ಪಟ್ಟಾಗುತ್ತದೆ. ಏಕತಾನಗರಿಯಿಂದ ವಿಠ್ಠಲವಾಡಿವರೆಗಿನ ದಡಕ್ಕೆ ಮಾತ್ರ ಮಾಡ್ತೀವಿ.

ಒಂದೇ ಒಂದು ಅನುಮಾನ ಉಳಿದಿದೆ. ನಕ್ಷೆ ಬರೆಯುವ ಒಂದು ಹಳೇ ಲೈಬ್ರರಿಯನ್ನು ಯಾರೋ ಓಫಾಸ್ಟ್‌ನಲ್ಲೇ ಕಂಪೈಲ್ ಮಾಡಿ ಇಟ್ಟಿದ್ದಾರೆ. ಪೈಥಾನ್‌ನಿಂದ ಅದನ್ನೂ ನಮ್ಮ ಪ್ರೋಗ್ರಾಂನ್ನೂ ಒಟ್ಟಿಗೆ ಲೋಡ್ ಮಾಡ್ತೀವಿ. ಅದು ಬರೀ ಚಿತ್ರ ಬರೆಯುತ್ತದೆ, ಹಾಗೇ ಬಿಡಬಹುದಾ?

ಪರ್ವರಿ ಪ್ರತಿಮಾ

ಬಿಡಬೇಡಿ. ಜಿಸಿಸಿ 13ಕ್ಕಿಂತ ಹಿಂದಿನವು ಫಾಸ್ಟ್-ಮ್ಯಾಥ್‌ನಲ್ಲಿ ಶೇರ್ಡ್ ಲೈಬ್ರರಿ ಲಿಂಕ್ ಮಾಡುವಾಗ ಒಂದು ಆರಂಭದ ಕೋಡ್ ಸೇರಿಸುತ್ತವೆ. ಲೈಬ್ರರಿ ಲೋಡ್ ಆದ ಕ್ಷಣ ಅದು ಪ್ರೊಸೆಸರ್‌ನ ಸ್ಥಿತಿಯನ್ನೇ ಬದಲಿಸುತ್ತದೆ. ಅತಿ ಚಿಕ್ಕ ಸಂಖ್ಯೆಗಳು, ಅಂದರೆ ಡಬಲ್‌ನಲ್ಲಿ ಸುಮಾರು 2.2 × 10⁻³⁰⁸ಕ್ಕಿಂತ ಕೆಳಗಿನವು, ನೇರ ಸೊನ್ನೆಯಾಗುತ್ತವೆ. ಆ ಥ್ರೆಡ್‌ನಲ್ಲಿ (ಪ್ರೋಗ್ರಾಂ ಓಡುವ ಒಂದು ಎಳೆ) ಓಡುವ ನಿಮ್ಮ ಕೋಡ್‌ಗೂ ಅದು ಅನ್ವಯ, ಆಮೇಲೆ ಅದರಿಂದ ಹುಟ್ಟುವ ಥ್ರೆಡ್‌ಗಳಿಗೂ. ನೀರಿನ ಆಳಕ್ಕೆ ಅಷ್ಟು ಚಿಕ್ಕ ಸಂಖ್ಯೆ ಬೇಕಾಗಲ್ಲ ನಿಜ. ಆದರೆ ನಿಮ್ಮ ಬಿಟ್ ಬಿಟ್ ಹೋಲಿಕೆ ಮೊದಲು ಯಾವ ಲೈಬ್ರರಿ ಲೋಡ್ ಆಯಿತು ಅನ್ನೋದರ ಮೇಲೆ ನಿಲ್ಲಬಾರದು. ಆ ಲೈಬ್ರರಿಯನ್ನು ಓ3ನಲ್ಲಿ ಮತ್ತೆ ಕಂಪೈಲ್ ಮಾಡಿ. ಸೋರ್ಸ್ ಇಲ್ಲದಿದ್ದರೆ ಬೇರೆ ಪ್ರೊಸೆಸ್‌ನಲ್ಲಿ ಓಡಿಸಿ.

ವಡಗಾಂವ್ ವಿನಾಯಕ

ಸೋರ್ಸ್ ಇದೆ ಮೇಡಂ. ಇವತ್ತೇ ಮಾಡ್ತೀನಿ.